ನಾಲ್ಕು ಸಾಲು ಮುಂದೆ

ಪುಟ್ಟಿ ಮತ್ತು ಚಿಕ್ಕವನ ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ವಿಮಾನದಲ್ಲಿ ಅಕ್ಕಪಕ್ಕದವರಿಗೆ ಹಂಚಲು ಮಿಠಾಯಿ, ಕಿವಿಗೆ ಹತ್ತಿ, ಜೊತೆಗೆ 'ಮಕ್ಕಳು ಅತ್ತರೆ ಕ್ಷಮಿಸಿ' ಎಂಬ ಚೀಟಿ ಹಾಕಿ ಪೊಟ್ಟಣ ಕಟ್ಟಿಡು ಎಂದಿದ್ದೀರಿ. ಕಟ್ಟುವುದಿಲ್ಲ. ಮಿಠಾಯಿಯನ್ನು ಮಕ್ಕಳೇ ತಿಂದು ಮುಗಿಸಿದರು. ಮಗು ಅಳುವ ಮೊದಲೇ ಕ್ಷಮೆ ಕೇಳುವವಳು ನಾನಲ್ಲ.

ಹೋದ ಸಲ "ಕಾಲು ಚಾಚೋಕೆ ಜಾಗ ಬೇಕು" ಎಂದು ನೀವು ನಾಲ್ಕು ಸಾಲು ಮುಂದೆ ಕುಳಿತಿರಿ. ಚಿಕ್ಕವನು ಕಿವಿನೋವಿಗೆ ಕಿರುಚಿಕೊಂಡಾಗ ಎಲ್ಲರೂ ಹಿಂದಕ್ಕೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ನೀವೂ ತಿರುಗಿದಿರಿ, ಯಾರ ಮಕ್ಕಳೋ ಎಂಬಂತೆ ನೋಡಿ ಕಣ್ಣು ಮುಚ್ಚಿಕೊಂಡಿರಿ. ಗಗನಸಖಿ, "ಇವರಪ್ಪ ಬಂದಿಲ್ವಾ?" ಎಂದಳು. ಪುಟ್ಟಿಯೇ ಬೆರಳು ತೋರಿಸಿ, "ಅಗೋ, ನಿದ್ದೆ ಬಂದೋರ ಥರ ಮಾಡ್ತಿದ್ದಾರಲ್ಲ, ಅವರೇ!" ಎಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಹೆಗ್ಗಣಗಳಿಗೆ ಹೆತ್ತವರು ಇಬ್ಬರಿದ್ದಾರೆ.

ಈ ಸಲ ಟಿಕೆಟ್ ಮಾಡಿಸಿದ್ದು ನಾನು. ಶನಿವಾರ ಕೆಲಸ ಮುಗಿಸಿ ನೇರ ವಿಮಾನ ನಿಲ್ದಾಣಕ್ಕೇ ಬನ್ನಿ. ನಿಮ್ಮ ಸೀಟು ಇಬ್ಬರು ಮಕ್ಕಳ ನಡುವೆ ಇದೆ. ವಿಮಾನ ಇಳಿಯುವಾಗ ಚಿಕ್ಕವನಿಗೆ ಗುಟುಕು ಗುಟುಕಾಗಿ ನೀರು ಕುಡಿಸಿ. ಪುಟ್ಟಿಗೆ ಕಥೆ ಹೇಳುವಾಗ ರಾಜನನ್ನು ಬೇಗ ಸಾಯಿಸಬೇಡಿ, ಮತ್ತೆ ಮೊದಲಿಂದ ಹೇಳಿಸುತ್ತಾಳೆ. ಬದಲಿ ಚಡ್ಡಿಗಳು ನೀಲಿ ಚೀಲದಲ್ಲಿವೆ.

ನನ್ನ ಸೀಟು ನಾಲ್ಕು ಸಾಲು ಮುಂದೆ. ಹತ್ತಿ ನನ್ನ ಕಿವಿಯಲ್ಲಿರುತ್ತದೆ. ಇವರಮ್ಮ ಎಲ್ಲಿ ಎಂದು ಗಗನಸಖಿ ಕೇಳಿದರೆ ಪುಟ್ಟಿ ನನ್ನತ್ತ ಧಾರಾಳವಾಗಿ ಬೆರಳು ತೋರಿಸಲಿ. ನಾನು ನಿಮ್ಮ ಹಾಗೆ ನಿದ್ದೆ ನಟಿಸುತ್ತಿರುವುದಿಲ್ಲ, ನಿಜವಾಗಿಯೂ ಗೊರಕೆ ಹೊಡೆಯುತ್ತಿರುತ್ತೇನೆ.

ಇಂತಿ,
ಮುಂದಿನ ಸಾಲಿನವಳು