ಬಾಗಿನದ ಸೀರೆಗಳು

ಬಸವೇಶ್ವರನಗರ
೧೨-೯-೧೯೮೬

ಚನ್ನಕೇಶವ ಅವರಿಗೆ, ನಿಮ್ಮ ಅತ್ತಿಗೆ ಲಕ್ಷ್ಮಿದೇವಿಯ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ತಂಗಿ ಯಶೋದ ನನ್ನ ಮನೆಯಲ್ಲಿ ಕ್ಷೇಮವಾಗಿದ್ದಾಳೆ. ಟೆಲಿಗ್ರಾಂ ಕೊಡೋಣವೆಂದು ಅಂಚೆ ಕಚೇರಿಯವರೆಗೂ ಹೋಗಿ ವಾಪಸು ಬಂದೆ. ರಾಯಚೂರಿನಲ್ಲಿ ಒಬ್ಬರೇ ಇರುವ ನೀವು ಅದನ್ನು ಕೈಗೆ ತೆಗೆದುಕೊಂಡ ಗಳಿಗೆಯಲ್ಲೇ ಏನು ಊಹಿಸುತ್ತೀರೋ ಎಂದು ಹೆದರಿದೆ.

ಗೌರಿ ಹಬ್ಬಕ್ಕೆ ಹೇರೋಹಳ್ಳಿಯ ನಿಮ್ಮ ಮನೆಗೆ ಹೋಗಿದ್ದೆ. ಮನೋರೋಗದ ಆಸ್ಪತ್ರೆಯಿಂದ ಬಂದ ಮೇಲೆ ಗೋಡೆ ನೋಡುತ್ತಾ ಮಲಗಿರುತ್ತಿದ್ದ ಯಶೋದ ಅವತ್ತು ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಬಂದವರಿಗೆಲ್ಲ ಬಾಗಿನ ಕೊಡುತ್ತಿದ್ದಳು. ಮೊರದಲ್ಲಿ ರವಿಕೆ ಕಣದ ಬದಲು ತನ್ನ ಸೀರೆಗಳನ್ನೇ ಇಟ್ಟಿದ್ದಳು. ಪಕ್ಕದ ಮನೆಯ ಅಂಜನಮ್ಮನಿಗೆ ಮದುವೆಯ ಧಾರೆ ಸೀರೆ! ನಿಮ್ಮ ತಾಯಿ ಹಿಗ್ಗಿಹೋದರು. "ನೋಡಮ್ಮ, ಗೌರಮ್ಮ ಕಣ್ಣು ಬಿಟ್ಲು. ಇನ್ಯಾಕೆ ಆ ಹಾಳು ಮಾತ್ರೆ?" ಅಂದರು. "ನನ್ ಸೊಸೆ ಆಗಿದ್ರೆ ಹಳೇ ಪೊರಕೆನೂ ಕೊಡ್ತಿರ್ಲಿಲ್ಲ ಬಿಡಿ" ಎಂದು ಅಂಜನಮ್ಮ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ.

ಮನೆಗೆ ಬಂದು ನನ್ನ ಬಾಗಿನ ತೆರೆದರೆ, ಸೀರೆಯ ಮಡಿಕೆಯಲ್ಲಿ ಅವಳ ಬೆಂಡೋಲೆ. ನಮ್ಮ ಅಮ್ಮನದು, ಯಶೋದ ಅದನ್ನು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ನಾನು ಕವಿತೆಗಳ ಪುಸ್ತಕ ಹಿಡಿದು ಕೂತರೆ ಕಣ್ಣು ಒಂದೇ ಸಾಲಿನಲ್ಲಿ ಸುತ್ತುತ್ತಿತ್ತು. ಮನೆ ಖಾಲಿ ಮಾಡುವವರು ಹೀಗೆ ಹಂಚುತ್ತಾರೆ ಅನ್ನಿಸಿತು.

ಮತ್ತೆ ಬಸ್ಸು ಹತ್ತಿದೆ. ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳ ಪಕ್ಕ ಕೂತು, "ಸಾಯಬೇಕು ಅನ್ನಿಸ್ತಿದೆಯೇನೇ?" ಎಂದು ಕೇಳಿದೆ. ಹೂಂ ಅಂದಳು.

ಹಾಗೆಲ್ಲ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ನಿಮ್ಮ ತಾಯಿ ಬೈದರು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮಾತ್ರ, ಕೇಳಿದ್ದೇ ಒಳ್ಳೆಯದಾಯಿತು, ಒಂಟಿಯಾಗಿ ಬಿಡಬೇಡಿ, ಮಾತ್ರೆ ನಿಲ್ಲಿಸಬೇಡಿ, ವಾರವಾರವೂ ಕರೆತನ್ನಿ ಎಂದರು. ಮಾತ್ರೆಗಳನ್ನು ನನ್ನ ಬೀರುವಿನಲ್ಲಿಟ್ಟು ಹೊತ್ತುಹೊತ್ತಿಗೆ ನಾನೇ ಕೊಡುತ್ತಿದ್ದೇನೆ.

ಇದನ್ನು ಬರೆಯುವಾಗಲೂ ಎದ್ದೆದ್ದು ಹೋಗಿ ನೋಡುತ್ತೇನೆ. ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದಾಳೆ. "ಅಕ್ಕ, ನಾನೇನು ಉಕ್ಕೋ ಹಾಲೇನೇ?" ಎಂದು ರೇಗಿದಳು. ರೇಗಲಿ. ಆದರೂ ನನ್ನ ಕಿವಿ ಅಲ್ಲೇ ಇದೆ, ಅಕ್ಷರ ಅಡ್ಡಾದಿಡ್ಡಿಯಾಗಿದೆ, ಕ್ಷಮಿಸಿ.

ರಜೆ ಹಾಕಿ ಬನ್ನಿ. ಬಂದು ಧೈರ್ಯ ಹೇಳಲು ಹೋಗಬೇಡಿ, ನೇರವಾಗಿ ಕೇಳಿ. ಅವಳು ಮುಚ್ಚಿಡುವವಳಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಲಕ್ಷ್ಮಿದೇವಿ

ತಾ.ಕ.: ರೀ, ನಾನು ಯಶೋದ. ಕಾಗದ ಅಂಟಿಸುವ ಮೊದಲು ಅಕ್ಕ ಓದಲು ಕೊಟ್ಟಳು. ನನ್ನ ಮಾನ ಉಳಿಸಲು ಒಂದು ಮಾತು ಬಿಟ್ಟಿದ್ದಾಳೆ. ಅವಳು ಕೇಳಿದಾಗ ನಾನು ಇಲ್ಲ ಅಂದೆ. "ಹುಚ್ಚು ನನಗಾ ನಿನಗಾ, ನಡಿ ಆಚೆ" ಎಂದೂ ಅಂದೆ. ಅವಳು ಏಳಲಿಲ್ಲ. ಬಕೆಟ್ಟಿನ ಬಟ್ಟೆಯನ್ನೆಲ್ಲ ಹಿಂಡಿಕೊಟ್ಟು ಮತ್ತೆ ಕೇಳಿದಳು. ಹೂಂ ಅಂದದ್ದು ಆಗ. ನೀವು ಕೇಳಿದಾಗಲೂ ನಾನು ಇಲ್ಲ ಅನ್ನಬಹುದು. ಎದ್ದು ಹೋಗಬೇಡಿ.