ದೂರು ಇದ್ದರೆ ಮಾತ್ರ ಬಿಚ್ಚುವ ಅಂಗಿ

ಕುರಿಚಿ, ಕೊಯಮತ್ತೂರು
ಭಾನುವಾರ, 9 ಸೆಪ್ಟೆಂಬರ್ 2007

ಪ್ರೀತಿಯ ವಾರಿಜಾ,

ನಿನ್ನ ಕಾಗದ ಬಂತು. ಬೆಂಗಳೂರಿನ ಯಾವುದೋ ಮಾಲಿನ ಮೂರನೇ ಮಹಡಿಯಲ್ಲಿ ಸಂಗೀತದ ಮ್ಯೂಸಿಯಂ ತೆರೆಯುತ್ತಿದ್ದಾರೆ, ನಮ್ಮ ರೆಕಾರ್ಡು, ಕ್ಯಾಸೆಟ್ಟುಗಳನ್ನೆಲ್ಲ ಕೇಳಿದ್ದಾರೆ, ಗಣೇಶನ ಹಬ್ಬ ಕಳೆದ ಮೇಲೆ ಇಪ್ಪತ್ತನೇ ತಾರೀಕು ಮೈಸೂರಿಗೆ ಗಾಡಿ ತರುತ್ತಾರೆ, "ಕೊಡಲೇ ಬೇಡವೇ, ಬರೆಯಿರಿ." ಇಷ್ಟೇ. ಮದುವೆಯಾದ ದಿನದಿಂದ ಏಕವಚನದಲ್ಲೇ ಬೈಯುತ್ತಿದ್ದವಳು ನನಗೆ ಬಹುವಚನಕ್ಕೆ ಬಡ್ತಿ ಕೊಟ್ಟಿದ್ದೀಯ. ಕಂಪನಿಯವರು ನಾಲ್ಕು ವರ್ಷದಿಂದ ಕೊಡದ ಬಡ್ತಿ ಅಂಚೆಯಲ್ಲಿ ಬಂತು. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಕೊಡಲೇ ಬೇಡವೇ ಎಂಬ ಪ್ರಶ್ನೆಗೆ ಒಂದು ಕಾರ್ಡಿನಲ್ಲಿ ಉತ್ತರ ಬರೆಯಬಹುದಿತ್ತು. ಬರೆದೂ ಇದ್ದೆ: "ಕೊಟ್ಟುಬಿಡು, ನನ್ನ ಒಂದೇ ಕೋಣೆಯಲ್ಲಿ ಜಾಗವಿಲ್ಲ." ಅಂಚೆ ಡಬ್ಬಿಗೆ ಹಾಕುವ ಮೊದಲು ಕಾರ್ಖಾನೆಯಲ್ಲಿ ಒಂದು ಚಿಂದಿ ಬಟ್ಟೆ ಸಿಕ್ಕಿತು. ಅದರ ಕಥೆ ಹೇಳದೆ ಈಗ ಉತ್ತರ ಹೇಳಲಾರೆ.

ಮೊದಲು ಮ್ಯೂಸಿಯಂ ವಿಷಯ. ಇಲ್ಲಿಗೆ ಬಂದ ವರ್ಷ ಕಂಪನಿಯವರು ಪಂಪು ಮೇಳಕ್ಕೆಂದು ನನ್ನನ್ನು ಜರ್ಮನಿಗೆ ಕಳಿಸಿದ್ದು ನಿನಗೆ ಗೊತ್ತು. ಅಲ್ಲಿ ಅರ್ಧ ದಿನ ಕೆಲಸಕ್ಕೆ ಚಕ್ಕರ್ ಹೊಡೆದು ರಾಕ್ ಮ್ಯೂಸಿಯಂಗೆ ಹೋಗಿದ್ದನ್ನು ನಾನು ಹೇಳಿರಲಿಲ್ಲ. ನಿನ್ನನ್ನು ಬಿಟ್ಟು ನೋಡಿದೆನಲ್ಲ ಎಂಬ ಸಂಕೋಚ. ದೇವಸ್ಥಾನದ ಹಾಗೆ ತಂಪು, ಆಸ್ಪತ್ರೆಯ ಹಾಗೆ ನಿಶ್ಶಬ್ದ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಯಾರದೋ ಜೋಡು, ಅದಕ್ಕೆ ಮೇಲಿನಿಂದ ದೀಪ. ಇನ್ನೊಂದರಲ್ಲಿ ಗಿಟಾರು. ಅದರ ಕುತ್ತಿಗೆಯ ಮೇಲೆ ಬೆರಳು ಓಡಿ ಓಡಿ ಮರ ಸವೆದಿತ್ತು, ನಮ್ಮ ಅಜ್ಜಿಯ ಮನೆಯ ಹೊಸ್ತಿಲಿನ ಹಾಗೆ. ಅದನ್ನು ನೋಡಿ ನಿಜವಾಗಿ ಮೈ ಜುಮ್ಮೆಂದಿತು. ಹತ್ತಿರ ಬಾಗಿದೆ. ಗಾಜಿನಲ್ಲಿ ಕಂಡದ್ದು ನನ್ನ ಬೋಳು ತಲೆ. ಹಿಂದಿನಿಂದ ಕಾವಲುಗಾರ ಗಂಟಲು ಸರಿಮಾಡಿಕೊಂಡ. ಅಲ್ಲೇ ಹೊಸೆದೆ:

ಗಾಜಿನ ಒಳಗೆ ಗಿಟಾರು,
ಮುಟ್ಟಲು ಹೋದರೆ ತಕರಾರು.

ಕಣ್ಣು ಹೊರಳಿಸಬೇಡ. ನನ್ನ ಪ್ರಾಸಗಳನ್ನು ಸಹಿಸುವುದಕ್ಕೆ ನಿನಗೆ ಅಭ್ಯಾಸ ತಪ್ಪಿದೆ, ಅಷ್ಟೆ.

ಈಗ ಚಿಂದಿಯ ಕಥೆ. ನಾನಿಲ್ಲಿ ಉಗ್ರಾಣದ ಯಜಮಾನ ಎಂದು ನಿನಗೆ ಗೊತ್ತು. ನಮ್ಮ ಯಂತ್ರಗಳ ಎಣ್ಣೆ ಒರೆಸಲು ತಿರುಪ್ಪೂರಿನಿಂದ ಮೂಟೆಗಟ್ಟಲೆ ಬನಿಯನ್ ಬಟ್ಟೆಯ ತುಂಡು ತರಿಸುತ್ತೇವೆ. ಆ ಊರಿನಲ್ಲಿ ಜಗತ್ತಿನ ಅರ್ಧ ಜನ ತೊಡುವ ಬನಿಯನ್ನು ಹೊಲಿಯುತ್ತಾರೆ, ಅದರ ಚೂರುಗಳು ಕುರಿಚಿಗೆ ಬಂದು ಕಪ್ಪಾಗುತ್ತವೆ. ಹೋದ ತಿಂಗಳು ಒಂದು ಸೋಮವಾರ ಮೂಟೆ ಬಿಚ್ಚಿದಾಗ ಲಿಂಗಪ್ಪನ್ ನಗುತ್ತಾ ಬಂದ. ಲಿಂಗಪ್ಪನ್ ನಮ್ಮಲ್ಲಿ ಎರಕಕ್ಕೆ ಮರದ ಅಚ್ಚು ಮಾಡುವವನು, ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ನನ್ನ ರಾಕ್ ಹುಚ್ಚಿನ ಬಗ್ಗೆ ಅವನಿಗೆ ಅಪಾರ ಅನುಕಂಪ. "ಸಾರ್, ಇಂಗೆ ಪಾರುಂಗ," ಎಂದ, "ನಿಮ್ಮ ಪಾಟ್ಟುಕಾರರು ಬಂದವ್ರೆ, ನಮ್ಮ ಲೇಥು ಒರೆಸೋಕೆ."

ಅವನ ಕೈಯಲ್ಲಿದ್ದ ತುಂಡಿನಲ್ಲಿ ಗಾಜಿನ ಬಾಟಲಿ, ಅದರೊಳಗೆ ಲಂಗರು. ಹೌದು, ನಿನ್ನ ಗ್ಲಾಸ್ ಹಾರ್ಬರ್.

ನಿನ್ನ ಆ ಬ್ಯಾಂಡಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ ಎಂದು ಇಲ್ಲೇ ದಾಖಲಿಸುತ್ತೇನೆ. ಹೊಗಳಿಕೆ ಎಂಬ ಪಂಪಿನಿಂದ ಗಾಳಿ ತುಂಬಿಸಿದ ಟಯರು ಅದು. ನೀನು ಇಂಗ್ಲಿಷ್ ಟೀಚರು, ಪದಗಳಿಗೆ ಸೋತೆ. ನಾನು ಬಿ.ಎ.ವರೆಗೆ ಕನ್ನಡ ಮಾಧ್ಯಮ. ಪದ ತಿಳಿಯದವನಿಗೆ ಉಳಿಯುವುದು ಸದ್ದೊಂದೇ, ಸದ್ದಿನಲ್ಲಿ ಆ ಜನ ದೊಡ್ಡ ಪಂಡಿತರಲ್ಲ. ನನ್ನ ಮೆಚ್ಚಿನ ಸ್ಲೋ ಪೋಸ್ಟ್‌ಮ್ಯಾನ್ ತಂಡಕ್ಕೆ ಅವರ ಕಾಲು ಭಾಗದ ಹೆಸರೂ ಸಿಗಲಿಲ್ಲ ಎಂಬ ಹೊಟ್ಟೆಕಿಚ್ಚೂ ಇದರಲ್ಲಿದೆ ಎಂದು ನೀನು ಯಾವಾಗಲೂ ಹೇಳುತ್ತಿದ್ದೆ. ಇರಲಿ.

ಆದರೆ ಆ ತುಂಡಿಗೆ ಹೊಲಿಗೆಯಲ್ಲಿ ಅಂಟಿಕೊಂಡೇ ಉಳಿದಿದ್ದ ಬೆನ್ನಿನ ಭಾಗದಲ್ಲಿ ತಾರೀಕುಗಳ ಸಾಲಿತ್ತು. ಪ್ರವಾಸದ ಅಂಗಿಗಳಲ್ಲಿ ಮುದ್ರಿಸುತ್ತಾರಲ್ಲ, ಯಾವ ದಿನ ಯಾವ ಊರಿನಲ್ಲಿ ಕಛೇರಿ ಎಂದು. ಊರುಗಳ ಸಾಲನ್ನು ಕತ್ತರಿ ನುಂಗಿತ್ತು. ತಾರೀಕು ಮಾತ್ರ ಉಳಿದಿತ್ತು. ಅದರಲ್ಲೊಂದು, 13 ಫೆಬ್ರವರಿ 1994.

ಆ ಭಾನುವಾರ ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ. ಮೈಸೂರಿನಿಂದ ಮೊದಲ ರೈಲು ಹಿಡಿದು, ಗ್ಲಾಸ್ ಹಾರ್ಬರ್ ಕಛೇರಿಯ ಟಿಕೆಟ್ಟುಗಳನ್ನು ನಿನ್ನ ಕುಪ್ಪಸದೊಳಗೆ ಬಚ್ಚಿಟ್ಟುಕೊಂಡು, ಬೆಂಗಳೂರಿನ ಆ ಮೈದಾನಕ್ಕೆ ಹೋದರೆ ವೇದಿಕೆಯಿಲ್ಲ, ಬ್ಯಾನರಿಲ್ಲ. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನೀನು ಕತ್ತಲಾಗುವವರೆಗೆ ಅಲ್ಲೇ ಕೂತೆ. "ಬರ್ತಾರೆ, ತಡವಾಗಿರಬೇಕು." ನಾನು ನಕ್ಕೆ. "ಅವರಿಗೆ ಬೆಂಗಳೂರು ಎಲ್ಲಿದೆ ಅಂತಲೇ ಗೊತ್ತಿಲ್ಲ ಕಣೆ, ಯಾವನೋ ಟಿಕೆಟ್ ಅಚ್ಚು ಹಾಕಿಸಿ ಮಾರಿದ್ದಾನೆ" ಎಂದೆ. ಅಂದಿನಿಂದ ನಮ್ಮ ಮನೆಯ ಎಲ್ಲ ಜಗಳಗಳೂ ಅಲ್ಲಿಗೇ ಬಂದು ನಿಲ್ಲುತ್ತಿದ್ದವು. ಗ್ಯಾಸ್ ಮುಗಿದದ್ದಕ್ಕೆ ಶುರುವಾದರೂ ಕೊನೆಗೆ ನೀನು "ಅವರು ಬರೋರಿದ್ರು", ನಾನು "ಬರೋರಿರಲಿಲ್ಲ". ನನಗೆ ಇಲ್ಲಿಗೆ ವರ್ಗವಾದಾಗ ಮಾತ್ರ ಆ ಜಗಳವೂ ಆಗಲಿಲ್ಲ. ನೀನು ಬರುತ್ತೇನೆ ಎನ್ನಲಿಲ್ಲ, ನಾನು ಬಾ ಎನ್ನಲಿಲ್ಲ. ಇಬ್ಬರೂ ಎಷ್ಟು ಸಭ್ಯವಾಗಿದ್ದೆವು ನೋಡು.

ಆ ದಿನ ಅವರು ನಿಜವಾಗಿ ಯಾವ ಊರಿನಲ್ಲಿ ಇರಬೇಕಿತ್ತು? ಅದು ಬೆಂಗಳೂರೇ ಆಗಿದ್ದರೆ ಹದಿಮೂರು ವರ್ಷ ನೀನು ಸರಿ. ಬೇರೆ ಊರಾಗಿದ್ದರೆ ನಾನು. ಎಣ್ಣೆ ಮೆತ್ತಿದ ಆ ತುಂಡನ್ನು ಮಡಚಿ ಜೇಬಿಗಿಟ್ಟುಕೊಂಡೆ. ಚಿಂದಿ ವ್ಯಾಪಾರಿಯನ್ನು ಕೇಳಿ ಯಾವ ಪ್ರಿಂಟಿಂಗ್ ಘಟಕದ ಮಾಲು ಎಂದು ತಿಳಿದುಕೊಂಡು ಕಂಪನಿ ಕೆಲಸವೆಂದು ಹೇಳಿ ತಿರುಪ್ಪೂರಿನ ಬಸ್ಸು ಹತ್ತಿದೆ.

ಘಟಕದ ಯಜಮಾನರು ಚೆನ್ನಿಯಪ್ಪನ್. ಅರವತ್ತು ದಾಟಿದ್ದಾರೆ, ಹಣೆಯಲ್ಲಿ ವಿಭೂತಿ, ಉಗುರಿನಲ್ಲಿ ನೀಲಿ ಬಣ್ಣ. ಬ್ಯಾಂಡುಗಳ ಅಂಗಿ ಮುದ್ರಿಸಲು ಹಿಡಿದು ಇಪ್ಪತ್ತೈದು ವರ್ಷವಂತೆ. ಒಂದು ಹಾಡೂ ಕೇಳಿಲ್ಲವಂತೆ. ಆದರೆ ಅವರಲ್ಲಿ ಬ್ಯಾಂಡುಗಳಿಗೆ ದರ್ಜೆಯಿದೆ: ಎರಡು ಕಲರ್ ಬ್ಯಾಂಡು, ನಾಲ್ಕು ಕಲರ್ ಬ್ಯಾಂಡು, ಎಂಟು ಕಲರ್ ಬ್ಯಾಂಡು. ಗ್ಲಾಸ್ ಹಾರ್ಬರ್ ಎಂದೊಡನೆ ಮುಖ ಹಿಂಡಿದರು. "ಅಯ್ಯೋ, ಎಟ್ಟು ಕಲರ್ ಸಾರ್ ಅದು! ಶೋಕಿ ಜಾಸ್ತಿ. ನಾಲ್ಕು ಸಲ ಒಗೆದ್ರೆ ಬಾಟಲಿ ಬಿರುಕು ಬಿಡ್ತಿತ್ತು." ನನಗಾದ ಆನಂದವನ್ನು ಏನೆಂದು ಹೇಳಲಿ! ಹದಿಮೂರು ವರ್ಷದ ನನ್ನ ವಿಮರ್ಶೆಯನ್ನು ಆ ಮನುಷ್ಯ ಒಗೆಯುವ ಕಲ್ಲಿನ ಮೇಲೆ ಸಾಬೀತು ಮಾಡಿದ್ದರು.

ಬಣ್ಣ ಎಂಟು, ಬೆಡಗು ನೂರು,
ಒಗೆದ ಮೇಲೆ ಉಳಿದದ್ದು ಚೂರು.

ಇವರಲ್ಲಿ ಒಂದು ಕ್ರಮವಿದೆ. ಪ್ರತಿ ಆರ್ಡರಿಗೂ ಎರಡು ಮಾದರಿ ಅಂಗಿ ಇಟ್ಟುಕೊಳ್ಳುತ್ತಾರೆ. ಒಂದನ್ನು ಒಗೆದು ಒಗೆದು ಪರೀಕ್ಷಿಸಲು. ಇನ್ನೊಂದಕ್ಕೆ ಕೊಳ್ಳುವವರ ಕಡೆಯವರು ಸಹಿ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸೀಸದ ಮುದ್ರೆ ಒತ್ತಿ ತೂಗುಹಾಕುತ್ತಾರೆ. ಮುಂದೆ ಯಾರಾದರೂ ದೂರು ತಂದರೆ ಹೋಲಿಸಿ ನೋಡುವುದಕ್ಕೆ. ಘಟಕ ಹೊಸ ಕಟ್ಟಡಕ್ಕೆ ಹೋಗುತ್ತಿರುವುದರಿಂದ ಒಗೆದ ಮಾದರಿಗಳನ್ನು ಮೊದಲು ಚಿಂದಿಗೆ ಹಾಕಿದ್ದರು. ನನ್ನ ಜೇಬಿನಲ್ಲಿದ್ದದ್ದು ಅದೇ. ಮುದ್ರೆಯವು ಇನ್ನೂ ಇದ್ದವು. ಆ ವಾರವೇ ಅವಕ್ಕೂ ಕತ್ತರಿ.

ಮಾದರಿ ಕೋಣೆಯ ಉಸ್ತುವಾರಿ ತಂಗಮಣಿ ಎಂಬಾಕೆಯದು. ಬೀಗ ತೆಗೆದು "ಉಳ್ಳ ವಾಂಗ" ಎಂದಳು.

ವಾರಿಜಾ, ಅದನ್ನು ಹೇಗೆ ಹೇಳಲಿ. ಕಲ್ಯಾಣ ಮಂಟಪದಷ್ಟು ಉದ್ದದ ಶೆಡ್ಡು. ಈ ಗೋಡೆಯಿಂದ ಆ ಗೋಡೆಯವರೆಗೆ ಹಗ್ಗ, ಹಗ್ಗದ ತುಂಬ ಅಂಗಿ. ನಾವು ಕೇಳಿದ, ಕೇಳದ, ಹುಟ್ಟಿ ಒಂದೇ ಹಾಡಿಗೆ ಸತ್ತ ಎಲ್ಲ ಬ್ಯಾಂಡುಗಳೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಗಾಜಿಲ್ಲ, ದೀಪವಿಲ್ಲ, ಹಂಚಿನ ಸಂದಿಯಿಂದ ಬಂದಷ್ಟು ಬೆಳಕು. ದೊಡ್ಡವರು, ಸಣ್ಣವರು, ಹೊಗಳಿಸಿಕೊಂಡು ಉಬ್ಬಿದವರು, ಯಾರೂ ಕೇಳದೆ ಹೋದವರು, ಎಲ್ಲರಿಗೂ ಒಂದೇ ಹಗ್ಗ, ಒಂದೇ ಕೊಕ್ಕೆ. ನಡುವೆ ನಡೆದರೆ ತೋಳುಗಳು ಕೆನ್ನೆಗೆ ತಾಗುತ್ತಿದ್ದವು. ಸ್ಲೋ ಪೋಸ್ಟ್‌ಮ್ಯಾನ್ ಕೂಡ ಇದ್ದರು, ಒಂದೇ ಕಲರು, ಪಾಪ. ತಂಗಮಣಿ ಸೆಖೆಯೆಂದು ಗೋಡೆಯ ದೊಡ್ಡ ಫ್ಯಾನು ಹಾಕಿದಳು. ಚೀಲಗಳೆಲ್ಲ ಒಟ್ಟಿಗೆ ಚಟಪಟನೆ ಬಡಿದುಕೊಂಡವು. ಸಾವಿರ ಅಂಗಿಗಳು ಒಮ್ಮೆಲೇ ತೂಗಿದವು. ನಾನು ಜೀವಮಾನದಲ್ಲಿ ಒಂದೇ ಒಂದು ರಾಕ್ ಕಛೇರಿಗೆ ಹೋದವನು, ಅದೂ ನಡೆಯದ್ದಕ್ಕೆ. ಚಪ್ಪಾಳೆ ಹೇಗಿರುತ್ತದೆಂದು ಆವತ್ತು ಕೇಳಿದೆ.

ತಂಗಮಣಿ ನನ್ನನ್ನೇ ನೋಡುತ್ತಿದ್ದಳು. ಇವರೆಲ್ಲ ಹಾಡುವವರು ಎಂದು ವಿವರಿಸಿದೆ. ಅವಳು ನಂಬಲಿಲ್ಲ. ಇಷ್ಟು ವರ್ಷ ಇವೆಲ್ಲ ಸೋಪಿನ ಕಂಪನಿಗಳೆಂದು ತಿಳಿದಿದ್ದಳಂತೆ. "ಪಾಡುವವರಿಗೆ ಯಾಕೆ ಸಾರ್ ಇಷ್ಟು ತಲೆಬುರುಡೆ?" ಎಂದಳು.

ತೊಂಬತ್ನಾಲ್ಕರ ಹಗ್ಗ ಕೊನೆಯಲ್ಲಿತ್ತು. ಗ್ಲಾಸ್ ಹಾರ್ಬರ್ ಸಿಕ್ಕಿತು, ಆದರೆ ಎದೆ ಹೊರಗೆ ಮಡಚಿ ಮುದ್ರೆ ಹಾಕಿದ್ದರು. ಬೆನ್ನು ಕಾಣುತ್ತಿರಲಿಲ್ಲ. ಬಿಚ್ಚಿ ಕೊಡಿ ಎಂದೆ. ಚೆನ್ನಿಯಪ್ಪನ್ ಕೈ ಅಡ್ಡ ಹಿಡಿದರು. ನಾಳೆ ಕತ್ತರಿಗೆ ಹೋಗುವುದಾದರೂ ಇವತ್ತು ಮುದ್ರೆ ಮುದ್ರೆಯೇ. ಕಂಪ್ಲೇಂಟ್ ಇದ್ದರೆ ಮಾತ್ರ ಬಿಚ್ಚುವುದು, ಇಪ್ಪತ್ತೈದು ವರ್ಷದ ಪದ್ಧತಿ.

"ಕಂಪ್ಲೇಂಟ್ ಇದೆ," ಎಂದೆ. "ಹದಿಮೂರು ವರ್ಷದ್ದು."

"ಯಾರದು?"

"ನನ್ನ ಹೆಂಡತಿಯದು."

"ಪೊಂಡಾಟ್ಟಿ ಕಂಪ್ಲೇಂಟಾ!" ಎಂದು ಅವರು ನಕ್ಕದ್ದಕ್ಕೆ ಹೊರಗಿನ ಕೆಲಸಗಾರರೆಲ್ಲ ಇಣುಕಿದರು. "ಅದು ಎಂತ ಕಾಲತ್ತಿಲೂ ತೀರಲ್ಲ ಸಾರ್." ಆದರೂ ಏನು ದೂರು ಎಂದು ಕೂರಿಸಿ ಕೇಳಿದರು. ಹೇಳಿದೆ. ಮೈದಾನ, ಕ್ರಿಕೆಟ್, ನೀನು ಕೂತದ್ದು, ನಾನು ನಕ್ಕದ್ದು. ಅವರು ನಗು ನಿಲ್ಲಿಸಿ ಕತ್ತರಿಯನ್ನು ತಂಗಮಣಿಯ ಕೈಗೆ ಕೊಟ್ಟರು. ಸೀಸ ಟಪ್ಪೆಂದು ನೆಲಕ್ಕೆ ಬಿತ್ತು. ಅವಳು ಅಂಗಿ ಕೊಡವಿ ಬೆನ್ನು ತಿರುಗಿಸಿ ನನ್ನೆದುರು ಹಿಡಿದಳು.

ಫೆಬ್ರವರಿ ಹದಿಮೂರರ ಎದುರು ಬೆಂಗಳೂರು ಎಂದಿತ್ತು. ಸಿಂಗಪುರಕ್ಕೂ ಸಿಡ್ನಿಗೂ ನಡುವೆ, ಅವುಗಳಷ್ಟೇ ದಪ್ಪ ಅಕ್ಷರದಲ್ಲಿ.

ಬರಲಿಲ್ಲ ಏಕೆ ಎಂಬುದು ಅಂಗಿಗೆ ಗೊತ್ತಿಲ್ಲ. ಆದರೆ ಅವರು ಬರುವವರಿದ್ದರು ವಾರಿಜಾ. ಆ ಅಂಗಿ ನಮ್ಮಿಂದ ಒಂದು ಹಗಲಿನ ದಾರಿಯ ಊರಿನಲ್ಲಿ ಅಚ್ಚಾಗಿ, ಹಡಗು ಹತ್ತಿ ಹೋಗಿ, ಎಲ್ಲೋ ಯಾರದೋ ಬೆನ್ನ ಮೇಲೆ ನಮ್ಮ ಬೆಂಗಳೂರಿನ ಹೆಸರು ಹೊತ್ತು ತಿರುಗಿದೆ. ನೀನು ಆ ಮೈದಾನದಲ್ಲಿ ಕೂತಿದ್ದು ಹುಚ್ಚಲ್ಲ. ಆ ಸಂಜೆ ಅಲ್ಲಿ ಸರಿಯಾಗಿ ಕೂತವಳು ನೀನೊಬ್ಬಳೇ.

ಅಂಗಿ ಈ ಕಾಗದದ ಜೊತೆ ಪಾರ್ಸೆಲ್ಲಿನಲ್ಲಿದೆ. ದೂರು ಇತ್ಯರ್ಥವಾದ ಮೇಲೆ ಮಾದರಿ ದೂರುದಾರರಿಗೆ ಸೇರಬೇಕು ಎಂದು ಚೆನ್ನಿಯಪ್ಪನ್ ಆಗಿಂದಾಗ ಒಂದು ಪದ್ಧತಿ ಹುಟ್ಟಿಸಿದರು. ತಣ್ಣೀರಿನಲ್ಲಿ ಒಗೆಯಬೇಕಂತೆ, ಒಳಮೈ ಹೊರಗೆ ತಿರುಗಿಸಿ ಒಣಗಿಸಬೇಕಂತೆ. ಉಳಿದ ಅಂಗಿಗಳನ್ನು ನನ್ನಿಂದ ಉಳಿಸಲಾಗಲಿಲ್ಲ. ಈಗ ಪ್ರತಿ ಸೋಮವಾರ ಮೂಟೆಗಳಲ್ಲಿ ಬರುತ್ತಿವೆ, ಎಣ್ಣೆ ಒರೆಸುತ್ತಿವೆ. ಮೊದಲ ದಿನ ಸಂಕಟವಾಯಿತು. ಆಮೇಲೆ, ಜರ್ಮನಿಯಲ್ಲಿ ಗಾಜಿನೊಳಗಿದ್ದ ಆ ಜೋಡಿಗಿಂತ ಇದು ವಾಸಿ ಎನ್ನಿಸಿತು. ಇವಕ್ಕೆ ಇನ್ನೂ ಕೈ ತಾಗುತ್ತಿದೆ.

ಅದಕ್ಕೇ ನನ್ನ ಉತ್ತರ: ಕೊಡಬೇಡ. ಮಾಲಿನವರು ನಮ್ಮ ರೆಕಾರ್ಡುಗಳನ್ನು ಗಾಜಿನೊಳಗಿಟ್ಟು ಕೆಳಗೆ ಒಂದು ಚೀಟಿ ಅಂಟಿಸುತ್ತಾರೆ, "ಶ್ರೀಮತಿ ವಾರಿಜಾಕ್ಷಿ ಮತ್ತು ಶ್ರೀ ಅಕ್ಷೋಭ್ಯ ದಂಪತಿಗಳ ಕೊಡುಗೆ." ನಾವಿಬ್ಬರೂ ಒಟ್ಟಿಗೆ ಇರುವ ಜಗತ್ತಿನ ಒಂದೇ ಜಾಗ ಆ ಚೀಟಿಯಾಗುವುದು ನನಗೆ ಬೇಡ.

ನಿನ್ನ,
ಅಕ್ಷೋಭ್ಯ

ಮರೆತ ಮಾತು: ನನ್ನದು ಒಂದೇ ಕೋಣೆ ಎಂದು ಬರೆಯುತ್ತಾ ಬಂದದ್ದು ನಿಜವಲ್ಲ. ಹೋದ ವರ್ಷವೇ ಎರಡು ಕೋಣೆಯ ಮನೆ ಹಿಡಿದೆ. ಎರಡನೆಯದಕ್ಕೆ ಬಿಸಿಲು ಬೀಳುವುದಿಲ್ಲ, ರೆಕಾರ್ಡು ಬಾಗುವುದಿಲ್ಲ. ಲಿಂಗಪ್ಪನ್ ಗೋಡೆಯುದ್ದಕ್ಕೂ ಕಪಾಟು ಮಾಡಿಕೊಟ್ಟಿದ್ದಾನೆ. ಕಬ್ಬಿಣ ಆರುವಾಗ ಕುಗ್ಗುತ್ತದೆಂದು ಅಚ್ಚಿನವರು ಅಳತೆಗಿಂತ ತುಸು ದೊಡ್ಡದಾಗಿ ಮಾಡುವುದು ವಾಡಿಕೆ. ಆ ಅಭ್ಯಾಸದಲ್ಲಿ ನಮ್ಮ ಕಪಾಟೂ ಒಂದು ಗೇಣು ಹೆಚ್ಚಾಗಿದೆ. "ಇರಲಿ ಸಾರ್, ಅಮ್ಮ ತಂದದ್ದು ಹಿಡೀಬೇಕಲ್ಲ" ಎಂದ. ಕಣ್ಣಿನ ಎತ್ತರದ ಸಾಲು ಗ್ಲಾಸ್ ಹಾರ್ಬರ್‌ಗೆ ಬಿಟ್ಟಿದ್ದೇನೆ. ಮಾಲಿನವರ ಗಾಡಿ ಇಪ್ಪತ್ತಕ್ಕೆ ಹೇಗೂ ಬರುತ್ತದೆ ಎಂದೆಯಲ್ಲ, ನನ್ನದು ಹತ್ತೊಂಬತ್ತಕ್ಕೇ ಬರಲಿ. ನಾನೇ ಬರುತ್ತೇನೆ, ಪೆಟ್ಟಿಗೆ ಕಟ್ಟಲು. ಹಿಂದಿರುಗುವಾಗ ನೀನೂ ಬಾ. ಇದಕ್ಕೆ ಪ್ರಾಸ ಹೊಸೆಯಲು ಕೂತಿದ್ದೆ, ಬೇಡವೆನ್ನಿಸಿತು.