ಲಾರಿಯ ಕಮಾನು, ಕಚೇರಿಯ ಅನುಮಾನ

ಮಾನ್ಯ ಆಮದು ತಪಾಸಣಾ ಅಧಿಕಾರಿಗಳೇ,

ನಾನು ತರಿಸಿದ ನಾಲ್ಕು ಲಾರಿ ಕಮಾನುಗಳನ್ನು ಬಿಲ್ಲುಗಳೆಂದು ತಿಳಿದು ಎಪ್ಪತ್ತೊಂದು ದಿನಗಳಿಂದ ಗೋದಾಮಿನಲ್ಲಿ ಹಿಡಿದಿಟ್ಟಿದ್ದೀರಿ. ಇಂಗ್ಲಿಷು, ಹಿಂದಿ, ತೆಲುಗುಗಳಲ್ಲಿ ಮೂರು ಮನವಿ ಕೊಟ್ಟೆ. ಮೂರನ್ನೂ ತಾವು ಓದಲಿಲ್ಲ. ಓದದವರಿಗೆ ಯಾವ ಭಾಷೆಯಾದರೇನು ಎಂದು ನಾಲ್ಕನೆಯದನ್ನು ನನ್ನ ಭಾಷೆಯಲ್ಲೇ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ತಪ್ಪು ನಮ್ಮದೇ, ಒಪ್ಪುತ್ತೇನೆ. ಲಾರಿಯ ಭಾರ ಹೊರಲು ಚಕ್ರದ ಮೇಲ್ಗಡೆ ಬಾಗಿಸಿ, ಒಂದರ ಮೇಲೊಂದು ಪೇರಿಸಿ ಕೂರಿಸುವ ಉಕ್ಕಿನ ಪಟ್ಟಿಗಳಿಗೆ ಕಲಬುರಗಿಯಿಂದ ಈ ಹೈದರಾಬಾದಿನವರೆಗೆ ಎಲ್ಲ ಗ್ಯಾರೇಜುಗಳಲ್ಲೂ ಕಮಾನು ಎಂದೇ ಹೆಸರು. ಶಾರ್ಜಾದಲ್ಲಿ ಹಳೆಯ ಲಾರಿ ಬಿಚ್ಚಿ ಮಾರುವ ನಮ್ಮ ವ್ಯಾಪಾರಿಯೂ ಮೂಲತಃ ಇದೇ ಊರಿನವನು. ನಾನು ಫೋನಿನಲ್ಲಿ “ಚಾರ್ ಕಮಾನ್ ಭೇಜೋ ಭಾಯ್” ಅಂದೆ. ಅವನು ಹಾಗೆಯೇ ಬಿಲ್ಲು ಬರೆದ. ಹಿಂದಿಯಲ್ಲಿ ಕಮಾನ್ ಎಂದರೆ ಬಿಲ್ಲು; ತಾವು ಆ ಬಿಲ್ಲಿನಲ್ಲಿ ಬಿಲ್ಲನ್ನೇ ಕಂಡಿರಿ. ಚಾರ್‌ಮಿನಾರ್ ಪಕ್ಕದಲ್ಲಿ ನಾಲ್ಕು ಕಮಾನುಗಳು ನಾಲ್ಕು ಶತಮಾನದಿಂದ ನಿಂತಿವೆ. ಅವುಗಳ ಮೇಲೂ ಪ್ರಕರಣ ದಾಖಲಾಗಿದೆಯೇ?

ತಮ್ಮ ಮೇಜಿನೆದುರು ನಿಂತಾಗ ತಾವು ಕೇಳಿದ್ದು, “ಕಮಾನ್ ಹೈ, ತೋ ತೀರ್ ಕಹಾಂ ಹೈ?” ಬಾಣಗಳೆಲ್ಲಿ ಅಂತ! ನಾನು ನಕ್ಕೆ. ತಾವು ನಗಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಆಯುಧದ ಪರವಾನಗಿ ತೋರಿಸು, ಇಲ್ಲವೇ ಕ್ರೀಡಾ ಸಂಸ್ಥೆಯ ಪತ್ರ ತಾ ಎಂದಿರಿ. ಒಂದೊಂದು ಎಂಬತ್ತು ಕಿಲೋ ತೂಗುವ ಬಿಲ್ಲನ್ನು ಎತ್ತುವ ಭುಜ ಯಾರದು ಸ್ವಾಮಿ? ನಮ್ಮ ಮನೆಯಲ್ಲಿ ಸ್ವಯಂವರವೇನೂ ಇಲ್ಲ. ಪೆಟ್ಟಿಗೆ ತೆರೆದು ನೋಡಿ ಎಂದರೆ, ಒಳಗಿರುವುದು ಏನೆಂದು ತೀರ್ಮಾನವಾಗದೆ ತೆರೆಯುವಂತಿಲ್ಲವಂತೆ. ತೆರೆಯದೆ ತೀರ್ಮಾನ ಹೇಗೆ? ಕಡೆಗೆ ವ್ಯಾಪಾರಿಯಿಂದ ಸ್ಪಷ್ಟನೆ ಕೇಳಿದಿರಿ. ಆ ಪುಣ್ಯಾತ್ಮ ಬರೆದು ಕಳಿಸಿದ: “ಕಮಾನ್ ಮತ್ಲಬ್ ಕಮಾನ್. ಔರ್ ಕ್ಯಾ?” ಕಮಾನೆಂದರೆ ಕಮಾನು, ಮತ್ತೇನು ಅಂತ! ಬಿಡಿಭಾಗ ಎಂಬ ಪದದಲ್ಲೇ ‘ಬಿಡಿ’ ಎಂಬ ವಿನಂತಿ ಇದೆ. ಅದೂ ತಮಗೆ ಕೇಳಿಸಲಿಲ್ಲ.

ಇದು ನನ್ನ ಅಂಗಡಿಯ ಮಾತಷ್ಟೇ ಆಗಿದ್ದರೆ ಪ್ರಾಸ ಕಟ್ಟಿಕೊಂಡು ಸುಮ್ಮನಿರುತ್ತಿದ್ದೆ. ಆ ಕಮಾನುಗಳು ಸುರಪುರದ ಕಡೆಯ ಬೂದೆಪ್ಪನವರ ಟಿಪ್ಪರಿನವು. ಇಲ್ಲಿಯ ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಹದಿನೈದು ವರ್ಷ ಗಾರೆ ಹೊತ್ತ ಮೇಲೆ ಅವರು ಕೊಂಡ ಹಳೆಯ ವಿದೇಶಿ ಗಾಡಿ ಅದು. ಅದರ ಕಮಾನು ಈ ದೇಶದಲ್ಲಿ ಸಿಗುವುದಿಲ್ಲ. ಮುರಿದ ಕಮಾನಿನೊಂದಿಗೆ ಅದು ಶಂಶಾಬಾದ್ ರಸ್ತೆಯ ಗ್ಯಾರೇಜಿನಲ್ಲಿ ಒರಗಿ ನಿಂತಿದೆ. ಜಲ್ಲಿ ಸಾಗಿಸುವ ಕೆಲಸ ಹೋದ ತಿಂಗಳೇ ಬೇರೆ ಗಾಡಿಯ ಪಾಲಾಯಿತು. ಆದರೂ ಬೂದೆಪ್ಪ ದಿನಾ ನನ್ನ ಅಂಗಡಿಗೆ ಬರುತ್ತಾರೆ.

“ಸಾವ್ಕಾರ್ರ, ಇವತ್ತರ ಬಂತೇನ್ರಿ?”

“ಇಲ್ಲ ಬೂದೆಪ್ಪಣ್ಣ.”

“ಸಾಹೇಬ್ರು ಇನ್ನಾ ಬಾಣ ಹುಡುಕಾಕತ್ತಾರೇನ್ರಿ?”

ಮೊನ್ನೆ ಅವರ ಹೆಂಡತಿ ಪಾರ್ವತೆಮ್ಮ ಒಬ್ಬರೇ ಬಂದಿದ್ದರು. “ಅಣ್ಣಾರ, ಬರಂಗಿಲ್ಲ ಅಂತರ ಒಂದ ಮಾತು ಹೇಳಿಬಿಡ್ರಿ. ದಿನಾ ಆ ಗಾಡಿ ಒರಸ್ಕೋತ ಕುಂದ್ರತಾರ, ಕೂಲಿಗಿ ಹೋಗವಲ್ರು. ನಾ ಒಬ್ಬಾಕಿ ಎಷ್ಟಂತ ಕಲ್ಲು ಹೊರಲ್ರಿ?”

ಮರುದಿನ ಬೂದೆಪ್ಪನವರಿಗೆ ಹೇಳಿದೆ, ಆಸೆ ಬಿಡಿ ಎಂದು. ಅವರು ನನ್ನನ್ನೇ ಸಮಾಧಾನ ಮಾಡುವವರಂತೆ ನೋಡಿ, “ಸರ್ಕಾರ ಇಲ್ಲ ಅಂದಿಲ್ಲಲ್ಲರಿ?” ಅಂದರು.

ನಿಜ. ತಾವು ಇಲ್ಲ ಅಂದಿಲ್ಲ. ಪರಿಶೀಲನೆಯಲ್ಲಿದೆ ಎಂದಷ್ಟೇ ಅಂದಿದ್ದೀರಿ. ಆ ಒಂದು ಮಾತಿನ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ, ಅವನ ಹೆಂಡತಿ ಕಲ್ಲು ಹೊರುತ್ತಿದ್ದಾಳೆ. ಆದ್ದರಿಂದ ಕಮಾನು ಬಿಡುಗಡೆ ಮಾಡಿ ಎಂದು ನಾನು ಇನ್ನು ಕೇಳುವುದಿಲ್ಲ. ಬಿಡುವುದಿಲ್ಲ ಎಂದು ಬರೆದುಕೊಡಿ. ಕಾರಣ ಬೇಡ, ಒಂದು ಸಾಲು ಸಾಕು. ಬೂದೆಪ್ಪನವರಿಗೆ ಓದು ಬಾರದು, ಮುದ್ರೆಯನ್ನು ಮಾತ್ರ ನಂಬುತ್ತಾರೆ. ಅದನ್ನು ಸ್ಪಷ್ಟವಾಗಿ ಒತ್ತಿರಿ. ಓದಿ ಹೇಳುವ ಕೆಲಸ ನನಗಿರಲಿ.

ಇಂತಿ,
ಆಮದೂ ಇಲ್ಲದ, ಉಮೇದೂ ಇಲ್ಲದ,
ಹೆಸರಿಗೆ ಮಾತ್ರ ಆನಂದಕುಮಾರ
ಲಾರಿ ಬಿಡಿಭಾಗಗಳ ವ್ಯಾಪಾರಿ, ಹೈದರಾಬಾದ್